ಹಳೇ ತಾರೀಖಿನ ಸೀಟ್ ಬೆಲ್ಟು

ಟೆನೆಸೀ, ಗುರುವಾರ

ಕೊರಿನ್,

ನಿನ್ನ ಸೀಟ್ ಬೆಲ್ಟು ತಲುಪಿತು. ಆ ಪುಟ್ಟ ಸ್ಪೋರ್ಟ್ಸ್ ಕಾರಿಗೆ ನಿಮ್ಮಪ್ಪನ ಟ್ರಕ್ಕಿನ ಎಂಜಿನ್ ತುರುಕಲು ಇಡೀ ಚಳಿಗಾಲ ಒದ್ದಾಡಿದವಳಿಗೆ, ಬೆಲ್ಟು ಮಾತ್ರ ಹಳೆಯದೇ ಸಾಕಾಯಿತೇ?

“ಬೆಲ್ಟಿನ ಅವಧಿ ಮುಗಿದಿದ್ರೆ ರೇಸಿಗೆ ಬಿಡಲ್ಲ ಅಜ್ಜಿ. ಅದರ ಮೇಲಿನ ಹಳೇ ತಾರೀಖಿನ ಚೀಟಿ ಬಿಚ್ಚಿ ಹೊಸ ತಾರೀಖಿಂದು ಹೊಲಿದುಕೊಡು. ನಿನ್ನ ಹೊಲಿಗೆ ಯಾರ್ ಕಂಡುಹಿಡೀತಾರೆ!” ಎಂದು ಫೋನಿನಲ್ಲಿ ಬೆಣ್ಣೆ ಹಚ್ಚಿದೆ. ನಿಜ, ಯಾರಿಗೂ ಗೊತ್ತಾಗುವುದಿಲ್ಲ. ನಲವತ್ತು ವರ್ಷ ಮದುವೆ ಗೌನು ಹೊಲಿದ ಕೈ ಇದು. ಆದರೆ ಬೆಲ್ಟಿನ ನೂಲು ಬಿಸಿಲಿಗೆ ಒಣಗಿ, ನನ್ನ ಉಗುರಿಗೇ ಕಿತ್ತು ಬಂತು.

ಅದಕ್ಕೇ ಕತ್ತರಿ ತೆಗೆದುಕೊಂಡು ಅದನ್ನು ನಾಲ್ಕು ತುಂಡು ಮಾಡಿದೆ. ಇನ್ನು ಅದನ್ನು ಯಾರೂ ಹೊಲಿಯಲಾರರು. ಶನಿವಾರದ ರೇಸು ನಿನಗೆ ತಪ್ಪಿತು. ಬೈಯುವುದಿದ್ದರೆ ಭಾನುವಾರ ಚರ್ಚು ಮುಗಿಸಿ ಬಾ, ಕೋಳಿ ಕರಿದಿರುತ್ತೇನೆ. ಎದುರಿಗೆ ಕೂತು, ಹೊಟ್ಟೆ ತುಂಬಾ ತಿಂದು ಬೈ.

ನಿನ್ನ ಅಜ್ಜಿ,
ಒಡೆಲ್ಲಾ