ದೊಡ್ಡಮ್ಮನ ಸಾಲು

ಗುತ್ತಿಗೆದಾರರೇ,

ಸಸಿ ಹೊರುವ ನನಗೆ ಗುಡ್ಡದ ಮೇಲೆ ನೆಡುವವರೆಲ್ಲರ ಸಾಲೂ ಕಾಣುತ್ತದೆ. ನಾಳೆ ನೀವು ಕೆಲಸ ಬಿಡಿಸಿ ಮನೆಗೆ ಕಳಿಸಲಿರುವ ದೊಡ್ಡಮ್ಮ ನಿಧಾನ, ಒಪ್ಪುತ್ತೇನೆ. ನೆಟ್ಟ ಪ್ರತಿ ಸಸಿಯನ್ನೂ ಮೆಲ್ಲಗೆ ಎಳೆದು ನೋಡುತ್ತಾರೆ. ಅಲುಗಿದರೆ ಕಿತ್ತು, ಬೇರು ಬಿಡಿಸಿ, ಮತ್ತೆ ನೆಡುತ್ತಾರೆ.

"ಬೇಗ ನೆಡು ದೊಡ್ಡಮ್ಮ, ಧಣಿ ಬೈತಾರೆ" ಎಂದೆ.

"ಬೈದ್ರೆ ನನ್ನ ಬೈತಾರೆ ಬಿಡೋ. ಗಾಳಿ ಬಂದ್ರೆ ಇದನ್ನ ಯಾರು ಹಿಡ್ಕೋತಾರೆ?"

ನನ್ನದು ಸ್ವಾರ್ಥದ ಲೆಕ್ಕ. ಚುರುಕಿನವರ ಸಾಲಿನಲ್ಲಿ ಸತ್ತ ಸಸಿಗಳ ಬದಲಿಗೆ ಹೊಸದನ್ನು ಮತ್ತೆ ಗುಡ್ಡ ಹತ್ತಿಸುವವನು ನಾನೇ. ದೊಡ್ಡಮ್ಮನ ಸಾಲಿಗೆ ಎರಡನೇ ಸಲ ಹೊತ್ತದ್ದೇ ಇಲ್ಲ. ಅವರನ್ನು ಉಳಿಸಿಕೊಳ್ಳಿ. ನಂಬಿಕೆಯಿಲ್ಲದಿದ್ದರೆ ಬಂದು ಅವರ ಯಾವ ಸಸಿಯನ್ನಾದರೂ ಎಳೆಯಿರಿ. ಕಿತ್ತುಬಂದರೆ ನಮ್ಮಿಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸಿ. ಬರದಿದ್ದರೆ ಅವರಿಗೊಂದು ಜೊತೆ ಕೈಗವಸು ಕೊಡಿಸಿ. ಈಗಿನದರಲ್ಲಿ ಬೆರಳೆಲ್ಲ ಹೊರಗಿವೆ.

ಬೆನ್ನು ನೆಟ್ಟಗಿರುವವರೆಗೆ ನಿಮ್ಮವ,
ಸಸಿ ಹೊರುವವ