ಫಿಯಾರ್ಡಿನ ದಂಡೆಯಲ್ಲಿ ಚರಗ

ನಿಷತ,

ಸಿಂದಗಿಯ ಸಾಲಿಯಲ್ಲಿ ನನ್ನ ಪಕ್ಕ ಕೂತು ನಕಾಶೆಯ ಮೇಲೆ ನೀನು ಬೆರಳಿಡುತ್ತಿದ್ದ ನಾರ್ವೆಗೆ, ನೀನು ತೀರಿಕೊಂಡ ಮೇಲೆ ಬಂದಿದ್ದೇನೆ. ಬೆಟ್ಟಗಳ ನಡುವೆ ಸಮುದ್ರವೇ ನುಗ್ಗಿ ಬಂದಿದೆ. ಫಿಯಾರ್ಡ್ ಬಗ್ಗೆ ನೀನು ಹೇಳಿದ್ದು ಖರೆ.

ಇವತ್ತು ಮಧ್ಯಾಹ್ನ ನನ್ನವರು ದಂಡೆಯಲ್ಲಿ ಕಾರು ನಿಲ್ಲಿಸಿದರು. ಬುತ್ತಿ ಬಿಚ್ಚಿದ ಕೂಡಲೇ ಕೈ ತಾನಾಗಿ ರೊಟ್ಟಿ ಮುರಿದು ಭೂತಾಯಿಗೆ ಚರಗ ಚೆಲ್ಲಿತು, ಎಳ್ಳಮಾವಾಸ್ಯೆಗೆ ನಮ್ಮ ಹೊಲದಲ್ಲಿ ಚೆಲ್ಲುತ್ತಿದ್ದ ಹಾಗೆ. "ನೀ ಮುಂದ ನಡಿ, ನಾ ನೀರ ಹಾಕೋತ ಬರ್ತೇನಿ" ಎನ್ನುತ್ತಿದ್ದೆಯಲ್ಲ. ನಾನು ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದಿನಿಂದ ನೀನು "ಸಲಾಂಬ್ರಿಗೋ" ಎಂದು ಓಗೊಡುತ್ತಿದ್ದೆ.

ಇಲ್ಲಿಯೂ ಕೂಗಿದೆ. ನಮ್ಮ ಬಯಲಿನಲ್ಲಿ ಕೂಗು ಮರಳುವುದಿಲ್ಲ, ಇಲ್ಲಿ ಬೆಟ್ಟ ತಿರುಗಿ ಕೂಗಿತು, "ಹುಲ್ಲುಲ್ಲಿಗೋ." ಮತ್ತೆ ಕೂಗಿದೆ. ಮತ್ತೆ ಅದನ್ನೇ ಹೇಳಿತು.

"ಯಾರನ್ನ ಕರಿಯಾಕತ್ತಿ?" ಎಂದರು ನನ್ನವರು.

ನೀರಿನ ಬಾಟಲಿ ಅವರ ಕೈಗೆ ಕೊಟ್ಟು ಮುಂದೆ ನಡೆದೆ.

ಕೋಮಲ