ಸೊಟ್ಟ ಬಿಸ್ಕತ್ತೇ ಶಾಲೆಗೆ ಹೋಗಿದೆ

ಅಣ್ಣಾ,

ಶಾಲೆಯ ಡಬ್ಬಿ ತೆರೆದು ನೋಡಿದೆ. ನಿನ್ನೆ ಸಂಜೆಯೆಲ್ಲ ನಾನೂ ನಿನ್ನ ಮಗಳೂ ಕೂತು ಮಾಡಿದ, ಹಣ್ಣಿನ ರುಚಿಯ ಬಣ್ಣಬಣ್ಣದ ಬಿಸ್ಕತ್ತು ಮಾಯ. ಅದರ ಜಾಗದಲ್ಲಿ ನೀನು ಬೆಳಗಾಗೆದ್ದು ಬೇಯಿಸಿದ್ದು, ಅಚ್ಚು ಹೊಡೆದ ಹಾಗೆ ಒಂದೇ ಸಮ. ಮಕ್ಕಳು ತಾವೇ ಮಾಡಿದ್ದನ್ನು ತರಲಿ ಅಂತ ತಾನೇ ಟೀಚರ್ ಹೇಳಿದ್ದು? ಬೇಕರಿಯವನ ಮಗಳು ಸೊಟ್ಟ ಬಿಸ್ಕತ್ತು ಒಯ್ದರೆ ನಿನ್ನ ಮಾನ ಹೋಗುತ್ತದೆಯೇ? ಹೋಗಲಿ ಬಿಡು.

ಹಕ್ಕಿಗೆ ಹಾಕಲು ನೀನು ಕಟ್ಟಿಟ್ಟಿದ್ದ ಚೀಲದಿಂದ ಅವಳದನ್ನೆಲ್ಲ ತೆಗೆದು ಡಬ್ಬಿಗೆ ತುಂಬಿದ್ದೇನೆ. ನಿನ್ನವು ಮೇಜಿನ ಮೇಲಿವೆ, ಚಹಾದ ಜೊತೆ ತಿನ್ನು. ಓವನ್ನಿನ ತಟ್ಟೆ ನೀನೇ ತೊಳಿ.

"ಕಿತ್ತಳೆ ರುಚಿಗೆ ನೀಲಿ ಬಣ್ಣ ಯಾರು ಹಾಕ್ತಾರೆ?" ಅಂತ ನಕ್ಕೆಯಲ್ಲ, ನಿನ್ನ ಮಗಳು ಹಾಕ್ತಾಳೆ. ಅಜ್ಜಿಯ ಕಥೆಯಲ್ಲಿ ಹಣ್ಣುಗಳು ಬಣ್ಣ ಆರಿಸಿಕೊಳ್ಳುವಾಗ ಯಾವ ರಾಜನ ಅಪ್ಪಣೆಯನ್ನೂ ಕೇಳಲಿಲ್ಲ. ನಾನೂ ನಿನ್ನ ಅಪ್ಪಣೆ ಕೇಳುವುದಿಲ್ಲ.

ನೀನು ಡಬ್ಬಿ ಬದಲಾಯಿಸಿದ್ದು ಅವಳಿಗೆ ಗೊತ್ತಿಲ್ಲ. ನಾನು ಹೇಳುವುದಿಲ್ಲ, ನೀನೂ ಬಾಯಿ ಬಿಡಬೇಡ. ಮಕ್ಕಳು ತಂದದ್ದನ್ನು ಮನೆಯವರು ರುಚಿ ನೋಡುವುದು ಹನ್ನೊಂದಕ್ಕೆ, ಅವಳ ತರಗತಿಗೆ ಬಾ, ಅಂಗಡಿಯನ್ನು ಅತ್ತಿಗೆ ನೋಡಿಕೊಳ್ಳುತ್ತಾಳೆ. ಅವಳು ಕೊಟ್ಟದ್ದನ್ನು ಅವಳೆದುರೇ ಪೂರ್ತಿ ತಿನ್ನು. "ಹೇಗಿದೆ ಅಪ್ಪಾ?" ಅಂದರೆ ಇನ್ನೊಂದಕ್ಕೆ ಕೈ ಚಾಚು.

ನಿನ್ನ ತಂಗಿ